ಯಾವ ನೆಲಕ್ಕೆ ಯಾವ ಹೂವು? ಕಾಡುಹೂಗಳ ಬೀಜಮಿಶ್ರಣವನ್ನು ಕುರಿತು

ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ನಾವು ಭೌತಶಾಸ್ತ್ರವನ್ನು ಬೋಧಿಸುವ ಕಾಲೇಜಿದೆ. ಅದರ ಪ್ರಯೋಗಶಾಲೆಯ ಹಿಂದೆ ಇಪ್ಪತ್ತು ಮೀಟರು ಉದ್ದ, ಐದು ಮೀಟರು ಅಗಲದ ಒಂದು ಬೋಳು ಇಳಿಜಾರು ಬಹುಕಾಲ ಹಾಗೆಯೇ ಬಿದ್ದಿತ್ತು. ಮೂರು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳು ಕೈಯಿಂದ ಹಣ ಕೂಡಿಸಿ ಕಾಡುಹೂಗಳ ಬೀಜದ ದೊಡ್ಡ ಪೊಟ್ಟಣವೊಂದನ್ನು ತರಿಸಿದರು. ಪೊಟ್ಟಣದ ಮೇಲೆ ಕಣ್ಣು ಕೋರೈಸುವ ಚಿತ್ರವಿತ್ತು. ಎಲ್ಲಿ ಚೆಲ್ಲಿದರೂ ಬೆಳೆಯುತ್ತದೆಂಬ ಆಶ್ವಾಸನೆಯೂ ಇತ್ತು. ಹುಡುಗರು ನೆಲವನ್ನು ಅಗೆದರು, ಎರಡು ಗಾಡಿ ಕೊಟ್ಟಿಗೆಗೊಬ್ಬರ ಹರಡಿದರು, ಜೂನ್ ತಿಂಗಳ ಮೊದಲ ಮಳೆಗೆ ಬೀಜ ಚೆಲ್ಲಿದರು.

ಆಗಸ್ಟಿನ ಹೊತ್ತಿಗೆ ಆ ಇಳಿಜಾರಿನಲ್ಲಿ ಸೊಂಟದೆತ್ತರಕ್ಕೆ ಬೆಳೆದು ನಿಂತದ್ದು ಪಾರ್ಥೇನಿಯಂ. ಅದರ ನಡುನಡುವೆ ಹಳದಿ ಕಾಸ್ಮಾಸಿನ ಕೆಲವು ಗಿಡಗಳು. ಚಿತ್ರದಲ್ಲಿದ್ದ ಕೆಂಪು, ನೀಲಿ, ಕಿತ್ತಳೆ ಬಣ್ಣದ ಹೂಗಳಲ್ಲಿ ಒಂದಾದರೂ ಕಾಣಲಿಲ್ಲ. ಅವುಗಳ ಸಸಿಗಳು ಮೊಳೆತ ಹದಿನೈದು ದಿನಗಳಲ್ಲಿ ಕೊಳೆತುಹೋಗಿದ್ದವು. ಪಾರ್ಥೇನಿಯಂ ಕಿತ್ತ ವಿದ್ಯಾರ್ಥಿನಿಯೊಬ್ಬಳ ಕೈಗಳೆಲ್ಲ ಕೆರೆತದಿಂದ ಊದಿಕೊಂಡವು. ಆಕೆಯೇ ಒಂದು ದಿನ ತರಗತಿ ಮುಗಿದ ಮೇಲೆ, "ಸಾರ್, ಬೀಜ ಕೆಟ್ಟಿತ್ತೋ ನೆಲ ಕೆಟ್ಟಿತ್ತೋ?" ಎಂದು ಕೇಳಿದಳು. ಸಸ್ಯಶಾಸ್ತ್ರ ನಮ್ಮ ವಿಷಯವಲ್ಲ. ಆದರೂ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ವಿಚಾರಿಸುತ್ತ ಹೋದಂತೆ, ಇದರ ಉತ್ತರದಲ್ಲಿ ಬಹುಪಾಲು ನಾವು ತರಗತಿಯಲ್ಲಿ ದಿನವೂ ಹೇಳುವ ಭೌತಶಾಸ್ತ್ರವೇ ಅಡಗಿದೆಯೆಂದು ತಿಳಿಯಿತು. ಅದನ್ನು ಇಲ್ಲಿ ಕ್ರಮವಾಗಿ ನಿರೂಪಿಸಲು ಯತ್ನಿಸುತ್ತೇವೆ.

ಮಿಶ್ರಣವೇಕೆ?

ಹಲವು ಬೀಜಗಳನ್ನು ಬೆರೆಸಿ ಬಿತ್ತುವುದು ನಮ್ಮ ನಾಡಿಗೆ ಹೊಸದಲ್ಲ. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಸಾಸಿವೆಗಳನ್ನು ಅಕ್ಕಡಿ ಸಾಲುಗಳಾಗಿ ಹಾಕುವುದನ್ನು ಓದುಗರು ಕಂಡಿರಬಹುದು. ಇವು ಒಂದೇ ನೆಲದಲ್ಲಿ ನಿಂತರೂ ಒಂದೇ ಆಹಾರಕ್ಕಾಗಿ ಪೂರ್ಣವಾಗಿ ಕಾದಾಡುವುದಿಲ್ಲ. ರಾಗಿಯ ಬೇರು ಮೇಲ್ಪದರದಲ್ಲಿ ಹರಡುತ್ತದೆ. ತೊಗರಿಯ ತಾಯಿಬೇರು ಆಳಕ್ಕಿಳಿಯುತ್ತದೆ. ಅವರೆ, ತೊಗರಿಗಳ ಬೇರುಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ರಾಗಿ ಕೊಯ್ಲಾದ ಮೇಲೂ ಅವರೆ, ತೊಗರಿ ಹೊಲದಲ್ಲಿ ನಿಂತಿರುತ್ತವೆ. ಮಳೆ ಕೈಕೊಟ್ಟ ವರ್ಷ ಒಂದು ಹೋದರೆ ಇನ್ನೊಂದು ಉಳಿಯುತ್ತದೆ.

ಕಾಡುಹೂಗಳ ಮಿಶ್ರಣದ ತತ್ತ್ವವೂ ಇದೇ. ಬೇಗ ಮೊಳೆತು ಒಂದೇ ಮಳೆಗಾಲದಲ್ಲಿ ಹೂಬಿಟ್ಟು ಸಾಯುವ ಏಕವಾರ್ಷಿಕಗಳು ಬೋಳು ನೆಲವನ್ನು ಮೊದಲು ಮುಚ್ಚುತ್ತವೆ. ಅವುಗಳ ಮರೆಯಲ್ಲಿ ಬಹುವಾರ್ಷಿಕಗಳು ನಿಧಾನವಾಗಿ ಬೇರೂರಿ ಎರಡನೆಯ ಮೂರನೆಯ ವರ್ಷ ತಮ್ಮ ಸ್ಥಾನಕ್ಕೆ ಬರುತ್ತವೆ. ಗೊಂಚಲಾಗಿ ಬೆಳೆಯುವ ಹುಲ್ಲುಗಳು ಮಣ್ಣನ್ನು ಹಿಡಿದಿಡುತ್ತವೆ. ಹೂಬಿಡುವ ಕಾಲವೂ ಹಂಚಿಹೋಗುವುದರಿಂದ ಜೇನ್ನೊಣ, ಪಾತರಗಿತ್ತಿಗಳಿಗೆ ತಿಂಗಳುಗಟ್ಟಲೆ ಆಹಾರ ದೊರೆಯುತ್ತದೆ.

ನಮ್ಮ ಸೋಲನ್ನು ಊರಿನ ವೃದ್ಧ ರೈತರೊಬ್ಬರ ಮುಂದೆ ಹೇಳಿಕೊಂಡಾಗ ಅವರು ನಕ್ಕು, "ಮೇಷ್ಟ್ರೇ, ನಾವು ಮೊದಲು ಹೊಲ ನೋಡ್ತೀವಿ, ಆಮೇಲೆ ಬೀಜದ ಮಡಕೆಗೆ ಕೈ ಹಾಕ್ತೀವಿ. ನೀವು ಮೊದಲೇ ಬೀಜ ತಂದುಬಿಟ್ರಿ" ಎಂದರು. ಈ ಲೇಖನದ ತಾತ್ಪರ್ಯವೆಲ್ಲ ಆ ಮಾತಿನಲ್ಲಿದೆ. ಹಾಗಾದರೆ ನೆಲವನ್ನು ನೋಡುವುದೆಂದರೇನು? ಅದನ್ನು ಅಳೆದು ತಿಳಿಯಲು ಸಾಧ್ಯವೇ?

ಸೀಸೆಯಲ್ಲಿ ಮಣ್ಣಿನ ಪರೀಕ್ಷೆ

ಮಣ್ಣಿನ ಕಣಗಳನ್ನು ಗಾತ್ರಕ್ಕನುಸಾರವಾಗಿ ಮೂರು ವರ್ಗಗಳಾಗಿ ವಿಂಗಡಿಸುತ್ತಾರೆ. 2 ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗೆ ವ್ಯಾಸವುಳ್ಳದ್ದು ಮರಳು, ಅಲ್ಲಿಂದ 0.002 ಮಿಲಿಮೀಟರಿನವರೆಗಿನದು ಹೂಳು. ಅದಕ್ಕಿಂತ ಸಣ್ಣದು ಜೇಡಿ. ಇವು ಯಾವ ಪ್ರಮಾಣದಲ್ಲಿ ಬೆರೆತಿವೆಯೆಂಬುದನ್ನು ಮನೆಯಲ್ಲಿಯೇ ಕಂಡುಕೊಳ್ಳಬಹುದು.

ನೇರ ಗೋಡೆಯ ಗಾಜಿನ ಸೀಸೆಯೊಂದರಲ್ಲಿ ಮೂರನೆಯ ಒಂದು ಭಾಗ ಮಣ್ಣು ತುಂಬಿ, ಕಲ್ಲು ಬೇರುಗಳನ್ನು ಆಯ್ದು ತೆಗೆದು, ನೀರು ಹಾಕಿ, ಚಿಟಿಕೆ ಸಾಬೂನಿನ ಪುಡಿ ಸೇರಿಸಿ, ಹತ್ತು ನಿಮಿಷ ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಬೇಕು. ಕಣಗಳು ಒಂದೊಂದಾಗಿ ತಳಕ್ಕಿಳಿಯತೊಡಗುತ್ತವೆ. ದ್ರವದಲ್ಲಿ ಬೀಳುವ ಸಣ್ಣ ಗೋಳವು ಸ್ಥಿರವೇಗವನ್ನು ಹೊಂದುತ್ತದೆಂದೂ, ಆ ವೇಗ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದೂ ಸ್ಟೋಕ್ಸನ ನಿಯಮ ಹೇಳುತ್ತದೆ. 0.05 ಮಿಲಿಮೀಟರಿನ ಕಣವು 10 ಸೆಂಟಿಮೀಟರು ನೀರನ್ನು ದಾಟಲು ಸುಮಾರು ಮುಕ್ಕಾಲು ನಿಮಿಷ ಸಾಕು. 0.002 ಮಿಲಿಮೀಟರಿನ ಕಣದ ವ್ಯಾಸ ಅದರ 25ರಲ್ಲಿ ಒಂದು ಪಾಲು. ಆದ್ದರಿಂದ ಅದಕ್ಕೆ 625 ಪಟ್ಟು ಕಾಲ, ಅಂದರೆ ಏಳೆಂಟು ಗಂಟೆ ಬೇಕು. ಒಂದು ನಿಮಿಷದ ಕೊನೆಯಲ್ಲಿ ತಳದಲ್ಲಿ ಕುಳಿತಿರುವುದು ಬಹುಮಟ್ಟಿಗೆ ಮರಳು; ಎಂಟು ಗಂಟೆಗಳಾಗುವ ಹೊತ್ತಿಗೆ ಅದರ ಮೇಲೆ ಹೂಳಿನ ಪದರ; ಅನಂತರವೂ ನೀರನ್ನು ಕದಡಿ ನಿಲ್ಲಿಸಿರುವುದು ಜೇಡಿ. ಸೀಸೆಯ ಹೊರಮೈಯಲ್ಲಿ ಆಯಾ ಹೊತ್ತಿಗೆ ಗುರುತು ಹಾಕಿ, ಎರಡು ಮೂರು ದಿನ ಕಾದು ನೀರು ತಿಳಿಯಾದ ಮೇಲೆ ಪದರಗಳನ್ನು ಅಳತೆಗೋಲಿನಿಂದ ಅಳೆದರೆ ಸ್ಥೂಲವಾದ ಪ್ರಮಾಣ ದೊರೆಯುತ್ತದೆ. ನಮ್ಮ ಇಳಿಜಾರಿನ ಕೆಮ್ಮಣ್ಣಿನಲ್ಲಿ ಮೊದಲನೆಯ ನಿಮಿಷದಲ್ಲಿಯೇ ಮುಕ್ಕಾಲು ಪಾಲು ತಳ ಸೇರಿತು. ಅದು ಮರಳುಪ್ರಧಾನವಾದ ನೆಲವೆಂಬುದು ಹೀಗೆ ವಿದಿತವಾಯಿತು.

ನೀರು ಎಲ್ಲಿ ನಿಲ್ಲುತ್ತದೆ?

ಕಣದ ಗಾತ್ರವನ್ನು ತಿಳಿಯುವುದರಿಂದ ಪ್ರಯೋಜನವೇನು? ಕಣಗಳ ನಡುವಣ ಸಂದುಗಳ ಗಾತ್ರವನ್ನು ಅದು ನಿರ್ಣಯಿಸುತ್ತದೆ. ಆ ಸಂದುಗಳೇ ನೀರನ್ನು ಹಿಡಿದಿಡುವ ಲೋಮನಾಳಗಳು. ಲೋಮನಾಳದಲ್ಲಿ ನೀರು ಏರುವ ಎತ್ತರ ಅದರ ತ್ರಿಜ್ಯಕ್ಕೆ ವಿಲೋಮ ಅನುಪಾತದಲ್ಲಿರುತ್ತದೆಯಷ್ಟೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ ತ್ರಿಜ್ಯವುಳ್ಳ ನಾಳದಲ್ಲಿ ನೀರು ಸುಮಾರು 15 ಸೆಂಟಿಮೀಟರು ಏರಿದರೆ, ನೂರನೆಯ ಒಂದು ಭಾಗದ ನಾಳದಲ್ಲಿ ಒಂದೂವರೆ ಮೀಟರು ಏರಬಲ್ಲದು. ಮರಳಿನ ದೊಡ್ಡ ಸಂದುಗಳು ನೀರನ್ನು ಸಡಿಲವಾಗಿ ಹಿಡಿದಿರುತ್ತವೆ. ಮಳೆ ನಿಂತ ಕೆಲವು ದಿನಗಳಲ್ಲಿ ನೆಲ ಬರಿದಾಗುತ್ತದೆ. ಜೇಡಿಯ ಅತಿಸೂಕ್ಷ್ಮ ಸಂದುಗಳು ನೀರನ್ನು ಬಿಗಿಯಾಗಿ ಹಿಡಿಯುತ್ತವೆ; ಎಷ್ಟು ಬಿಗಿಯೆಂದರೆ, ಮಣ್ಣು ತೇವವಾಗಿ ಕಂಡರೂ ಎಳೆಯ ಬೇರು ಅದನ್ನು ಹೀರಲಾರದ ಸ್ಥಿತಿ ಬರಬಹುದು.

ಬಿಜಾಪುರ, ಗದಗ, ಧಾರವಾಡದ ಕಡೆಯ ಎರೆನೆಲದಲ್ಲಿ ಇನ್ನೊಂದು ವಿಶೇಷವಿದೆ. ಅಲ್ಲಿಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳನ್ನು ಅಲ್ಲಿಯ ವಿದ್ಯಾರ್ಥಿಗಳೆಲ್ಲ ಕಂಡಿದ್ದಾರೆ. ಮೇಲೆ ಚೆಲ್ಲಿದ ಸಣ್ಣ ಬೀಜ ಆ ಬಿರುಕಿನಲ್ಲಿ ಬಿದ್ದರೆ ಮತ್ತೆ ಬೆಳಕು ಕಾಣುವುದಿಲ್ಲ. ಬಲವಿಲ್ಲದ ಬೇರು ಮಣ್ಣು ಬಿರಿಯುವಾಗ ಹರಿದುಹೋಗುತ್ತದೆ. ಆದಕಾರಣ ಕೆಮ್ಮಣ್ಣಿಗೆ ಹೊಂದಿದ ಮಿಶ್ರಣವನ್ನೇ ಎರೆಗೂ ಕಳಿಸುವುದು ಅವಿವೇಕ.

ಬಿಸಿಲು, ಇಳಿಜಾರು, ಬೀಜದ ಕಣ್ಣು

ಮಣ್ಣು ಒಂದೇ ಆದರೂ ಗುಡ್ಡದ ಎರಡು ಮಗ್ಗುಲುಗಳು ಒಂದೇ ಅಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರಿನ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 36½ ಡಿಗ್ರಿ ವಾಲಿರುತ್ತಾನೆ. 20 ಡಿಗ್ರಿ ಇಳಿಜಾರಿನ ಗುಡ್ಡವೊಂದನ್ನು ಊಹಿಸಿಕೊಳ್ಳೋಣ. ಅದರ ದಕ್ಷಿಣ ಮೈಗೆ ಕಿರಣಗಳು ಲಂಬದಿಂದ 16½ ಡಿಗ್ರಿ ಕೋನದಲ್ಲಿಯೂ ಉತ್ತರ ಮೈಗೆ 56½ ಡಿಗ್ರಿ ಕೋನದಲ್ಲಿಯೂ ಬೀಳುತ್ತವೆ. ಈ ಕೋನಗಳ ಕೊಸೈನ್ ಬೆಲೆಗಳು ಕ್ರಮವಾಗಿ 0.96 ಮತ್ತು 0.55. ಆ ಹೊತ್ತಿನಲ್ಲಿ ದಕ್ಷಿಣ ಮೈಯ ಒಂದು ಚದರ ಮೀಟರಿಗೆ ದೊರೆಯುವ ನೇರ ಬಿಸಿಲು ಉತ್ತರ ಮೈಗೆ ದೊರೆಯುವುದರ ಒಂದೂಮುಕ್ಕಾಲು ಪಟ್ಟು. ಮಳೆಗಾಲ ಮುಗಿದ ಮೇಲೆ ಯಾವ ಮೈ ಮೊದಲು ಒಣಗುವುದೆಂದು ಬೇರೆ ಹೇಳಬೇಕಾಗಿಲ್ಲ. ದಕ್ಷಿಣ ಮೈಗೆ ಬರ ತಾಳುವ ಬೀಜ, ಉತ್ತರ ಮೈಗೆ ತುಸು ತಂಪನ್ನು ಬಯಸುವ ಬೀಜ ಎಂಬ ವಿಂಗಡಣೆ ಇಲ್ಲಿಂದ ಹುಟ್ಟುತ್ತದೆ.

ಬೆಳಕು ಬೀಜದ ಮೇಲೆ ಮಾಡುವ ಪರಿಣಾಮ ಇನ್ನೂ ಸ್ವಾರಸ್ಯವಾದದ್ದು. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾಲಯದಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಹೋದ್ಯೋಗಿಗಳು ಲೆಟ್ಯೂಸ್ ಸೊಪ್ಪಿನ ನೆನೆದ ಬೀಜಗಳ ಮೇಲೆ ಬೇರೆ ಬೇರೆ ಬಣ್ಣದ ಬೆಳಕನ್ನು ಹಾಯಿಸಿ ನೋಡಿದರು. ಸುಮಾರು 660 ನ್ಯಾನೊಮೀಟರು ತರಂಗದೂರದ ಕೆಂಪು ಬೆಳಕು ಬೀಜವನ್ನು ಮೊಳೆಯಿಸಿತು. ಅದರ ಬೆನ್ನಿಗೇ 730 ನ್ಯಾನೊಮೀಟರಿನ ದೂರಗೆಂಪು ಬೆಳಕನ್ನು ಬಿಟ್ಟರೆ ಮೊಳಕೆ ತಡೆಯಲ್ಪಟ್ಟಿತು. ಎಷ್ಟು ಸಲ ಬದಲಾಯಿಸಿದರೂ ಕೊನೆಯಲ್ಲಿ ಬಿದ್ದ ಬೆಳಕಿನ ಮಾತೇ ನಡೆಯಿತು. ಹಸುರೆಲೆ ಕೆಂಪನ್ನು ಹೀರಿಕೊಂಡು ದೂರಗೆಂಪನ್ನು ಬಹುಮಟ್ಟಿಗೆ ಕೆಳಕ್ಕೆ ಬಿಟ್ಟುಕೊಡುತ್ತದೆ. ಆದ್ದರಿಂದ ಗಿಡಗಳ ನೆರಳಿನಲ್ಲಿ ಬಿದ್ದ ಇಂಥ ಬೀಜ ತನ್ನ ತಲೆಯ ಮೇಲೆ ಬೇರೊಬ್ಬರಿದ್ದಾರೆಂಬುದನ್ನು ಅರಿತು ಸುಮ್ಮನಿರುತ್ತದೆ. ಹಲವು ಕಾಡುಗಿಡಗಳ ಸಣ್ಣ ಬೀಜಗಳು ಈ ಗುಣವುಳ್ಳವು. ಅವುಗಳನ್ನು ಕಾಳಿನಂತೆ ಆಳದಲ್ಲಿ ಹೂಳಬಾರದು. ಒತ್ತಾದ ಹುಲ್ಲಿನ ಮೇಲೆ ಚೆಲ್ಲಿಯೂ ಫಲವಿಲ್ಲ. ಬಯಲಾದ ಮಣ್ಣಿನ ಮೇಲೆ ಚೆಲ್ಲಿ ಕಾಲಿನಿಂದ ಅದುಮಿದರೆ ಸಾಕು.

ಬಡ ನೆಲದ ಭಾಗ್ಯ

ಇನ್ನು ನಮ್ಮ ಎರಡು ಗಾಡಿ ಗೊಬ್ಬರದ ವಿಷಯ. ಅದು ನಮ್ಮ ತಪ್ಪುಗಳಲ್ಲೆಲ್ಲ ದೊಡ್ಡದು. ಇದನ್ನು ಮನದಟ್ಟು ಮಾಡಿಕೊಳ್ಳಲು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಎಂಬಲ್ಲಿಗೆ ಹೋಗಬೇಕು. 1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬ ವಿಜ್ಞಾನಿಗಳು ಅಲ್ಲಿಯ ಹಳೆಯ ಹುಲ್ಲುಗಾವಲೊಂದನ್ನು ಪಟ್ಟಿಗಳಾಗಿ ವಿಭಾಗಿಸಿ, ಕೆಲವಕ್ಕೆ ಬಗೆಬಗೆಯ ಗೊಬ್ಬರಗಳನ್ನು ಕೊಡುತ್ತ, ಕೆಲವನ್ನು ಏನೂ ಕೊಡದೆ ಬಿಟ್ಟು, ಹುಲ್ಲಿನ ಇಳುವರಿಯನ್ನು ಅಳೆಯತೊಡಗಿದರು. ಆ ಪ್ರಯೋಗ ಇಂದಿಗೂ ನಡೆದಿದೆ. ಗೊಬ್ಬರ ಕಂಡ ಪಟ್ಟಿಗಳಲ್ಲಿ ಹುಲ್ಲು ಹೆಚ್ಚಿತು. ಆದರೆ ಜಾತಿಗಳ ಸಂಖ್ಯೆ ಇಳಿಯಿತು. ಏನನ್ನೂ ಕಾಣದ ಪಟ್ಟಿಗಳಲ್ಲಿ ಸುಮಾರು ನಲವತ್ತು ಬಗೆಯ ಸಸ್ಯಗಳು ಉಳಿದುಕೊಂಡಿದ್ದರೆ, ಅಮೋನಿಯಂ ಸಲ್ಫೇಟನ್ನು ಯಥೇಚ್ಛವಾಗಿ ಉಂಡು ಆಮ್ಲೀಯವಾದ ಪಟ್ಟಿಗಳಲ್ಲಿ ಬೆರಳೆಣಿಕೆಯ ಜಾತಿಗಳು ಮಾತ್ರ ಉಳಿದವು.

ಕಾರಣ ಸರಳ. ಆಹಾರ ಹೇರಳವಾದಾಗ ಅದನ್ನು ಬೇಗ ಬಾಚಿಕೊಂಡು ಎತ್ತರಕ್ಕೇರುವ ಒಂದೆರಡು ಜಾತಿಗಳು ಉಳಿದವುಗಳ ಬೆಳಕನ್ನು ಕಸಿದುಕೊಳ್ಳುತ್ತವೆ. ಆಹಾರ ಕಡಿಮೆಯಾದಾಗ ಯಾರೂ ಅತಿಯಾಗಿ ಬೆಳೆಯಲಾರರು. ಎಲ್ಲರಿಗೂ ತುಸು ತುಸು ಬೆಳಕು ದಕ್ಕುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸಿನ ತಗ್ಗುನಾಡಿನ ಹೂಗಾವಲುಗಳಲ್ಲಿ 1930ರಿಂದ 1984ರ ಒಳಗೆ ನೂರಕ್ಕೆ 97 ಪಾಲು ನಾಶವಾಯಿತೆಂದು ಲೆಕ್ಕ ಹಾಕಿದ್ದಾರೆ. ಉಳುಮೆಯೊಂದಿಗೆ ಗೊಬ್ಬರವೂ ಅದಕ್ಕೆ ಒಂದು ಮುಖ್ಯ ಕಾರಣ. ಈಗ ಅಲ್ಲಿ ಹೂಗಾವಲನ್ನು ಮರಳಿ ಬೆಳೆಸುವವರು ಫಲವತ್ತಾದ ಮೇಲ್ಮಣ್ಣನ್ನು ಕೆರೆದು ತೆಗೆದುಹಾಕಿ ಬಿತ್ತುವುದುಂಟು. ನಮ್ಮ ಇಳಿಜಾರಿನ ಬಡ ಮಣ್ಣು ಕಾಡುಹೂಗಳಿಗೆ ಹೇಳಿ ಮಾಡಿಸಿದಂತಿತ್ತು. ನಾವು ಅದಕ್ಕೆ ಗೊಬ್ಬರ ಹಾಕಿ ಪಾರ್ಥೇನಿಯಮ್ಮಿಗೆ ಔತಣ ಬಡಿಸಿದೆವು.

ಪರದೇಶದ ಪೊಟ್ಟಣ

ಪೊಟ್ಟಣದಲ್ಲಿದ್ದ ಕ್ಯಾಲಿಫೋರ್ನಿಯ ಪಾಪಿ, ಕಾರ್ನ್‌ಫ್ಲವರ್ ಮೊದಲಾದವು ತಮ್ಮ ತಾಯ್ನೆಲದಲ್ಲಿ ಒಳ್ಳೆಯ ಹೂಗಳೇ. ಆದರೆ ಕ್ಯಾಲಿಫೋರ್ನಿಯದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಗೆ ಒಣಗಿರುತ್ತದೆ. ತಂಪಿನಲ್ಲಿ ಮೊಳೆತು ವಸಂತದಲ್ಲಿ ಹೂಬಿಡುವಂತೆ ಅಲ್ಲಿಯ ಬೀಜಗಳು ರೂಪುಗೊಂಡಿವೆ. ನಮ್ಮಲ್ಲಿ ಮಳೆ ಬೆಚ್ಚನೆಯ ತಿಂಗಳುಗಳಲ್ಲಿ ಬರುತ್ತದೆ. ಆ ಸಸಿಗಳು ಜುಲೈಯ ತೇವದಲ್ಲಿ ಕೊಳೆತದ್ದು ಸಹಜ. ಚಳಿಗಾಲದಲ್ಲಿ ನೀರುಣಿಸಿ ಹೂವಿನ ಮಡಿಗಳಲ್ಲಿ ಬೆಳೆಸುವುದಾದರೆ ಅವು ಬಂದಾವು. ಆಗ ಅದು ತೋಟಗಾರಿಕೆಯಾಗುತ್ತದೆ, ಕಾಡುಹೂವಿನ ಬಿತ್ತನೆಯಾಗುವುದಿಲ್ಲ. ಹಿಮ ಬೀಳುವ ದೇಶಗಳ ಕೆಲವು ಬೀಜಗಳಂತೂ ವಾರಗಟ್ಟಲೆ ಒದ್ದೆಯಾದ ಚಳಿಯನ್ನು ಅನುಭವಿಸದೆ ಮೊಳೆಯುವುದೇ ಇಲ್ಲ.

ಬಾರದೆ ಹೋದದ್ದಕ್ಕಿಂತ ಬಂದದ್ದೇ ಹೆಚ್ಚು ಯೋಚಿಸಬೇಕಾದದ್ದು. ಮೆಕ್ಸಿಕೊ ಮೂಲದ ಹಳದಿ ಕಾಸ್ಮಾಸ್ ಯಾರ ಆರೈಕೆಯೂ ಇಲ್ಲದೆ ಬೀಜ ಉದುರಿಸಿ ಮರುವರ್ಷ ಬೇಲಿಯ ಆಚೆಗೆ ದಾಟಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ತಂದ ಲಂಟಾನ ಇಂದು ನಮ್ಮ ಕಾಡುಗಳನ್ನು ಹೇಗೆ ತುಂಬಿದೆಯೆಂಬುದು ಬಂಡೀಪುರ, ನಾಗರಹೊಳೆಗಳನ್ನು ನೋಡಿದವರಿಗೆ ಗೊತ್ತು. 1955ರಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟ ಪಾರ್ಥೇನಿಯಂ ದೇಶವನ್ನೇ ವ್ಯಾಪಿಸಿತು. ಆದ್ದರಿಂದ ಬಿತ್ತುವವನು ತನ್ನ ನೆಲದ ಜೊತೆಗೆ ನೆರೆಯವನ ನೆಲಕ್ಕೂ ಹೊಣೆಗಾರ. ಎಲ್ಲಿ ಬೇಕಾದರೂ ಬೆಳೆಯುವ ಬೀಜವೆಂಬ ಹೊಗಳಿಕೆಯನ್ನು ಎಚ್ಚರಿಕೆಯ ಮಾತೆಂದೇ ಓದಿಕೊಳ್ಳಬೇಕು.

ನಮ್ಮ ನೆಲಗಳಿಗೆ ನಮ್ಮ ಹೂಗಳು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಬಿಜಾಪುರದ ಬಯಲಿನಲ್ಲಿ 600 ಮಿಲಿಮೀಟರಿನ ಆಸುಪಾಸು. ಇಂಥ ನಾಡಿಗೆ ಒಂದೇ ಮಿಶ್ರಣ ಸಲ್ಲದು. ದಿಕ್ಕು ತೋರುವಷ್ಟು ಮಾತ್ರ ಇಲ್ಲಿ ಹೇಳುತ್ತೇವೆ.

ಮಳೆ ಕಡಿಮೆಯಿರುವ ಗರಸು ಮಿಶ್ರಿತ ಕೆಮ್ಮಣ್ಣಿಗೆ ತುಂಬೆ, ವಿಷ್ಣುಕ್ರಾಂತಿ, ಕೊಗ್ಗಿ, ತಂಗಡಿಗಳು ಹೊಂದುತ್ತವೆ. ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ ಕ್ರೊಟಲೇರಿಯ ಕುಲದ ಗಿಡಗಳೂ ಇಲ್ಲಿಗೆ ಸಲ್ಲುತ್ತವೆ. ತುಂಬೆ ಮೊದಲ ವರ್ಷವೇ ನೆಲ ಮುಚ್ಚಿ ಜೇನ್ನೊಣಗಳನ್ನು ಕರೆಯುತ್ತದೆ; ವಿಷ್ಣುಕ್ರಾಂತಿ ನೆಲಕ್ಕಂಟಿ ಪುಟ್ಟ ನೀಲಿ ಹೂಗಳನ್ನು ಬಿಡುತ್ತದೆ; ಕೊಗ್ಗಿ ಮತ್ತು ಕ್ರೊಟಲೇರಿಯಗಳು ಸಾರಜನಕವನ್ನು ಹಿಡಿಯುತ್ತವೆ; ತಂಗಡಿ ಪೊದೆಯಾಗಿ ವರ್ಷಗಳ ಕಾಲ ನಿಲ್ಲುತ್ತದೆ.

ಎರೆನೆಲಕ್ಕೆ ಗುಲಾಬಿ ಬಿಳುಪಿನ ತೆನೆ ಬಿಡುವ ಅಣ್ಣೆ, ಮಧ್ಯಾಹ್ನದ ಮೇಲೆ ಹಳದಿ ಹೂವರಳಿಸುವ ತುತ್ತಿ, ಬೇಲಿಗೆ ಹಬ್ಬುವ ಶಂಖಪುಷ್ಪ ಮೊದಲಾದವು ತಕ್ಕವು. ಮರಗಳ ಅರೆನೆರಳಿಗೆ ಮತ್ತು ಬೇಲಿಯ ಮಗ್ಗುಲಿಗೆ ಗೋರಂಟೆಯನ್ನು ಇಟ್ಟರೆ ಉಳಿದ ಹೂಗಳು ಮುಗಿಯುತ್ತಿರುವ ಚಳಿಗಾಲದಲ್ಲಿ ಅದು ಅರಳುತ್ತದೆ. ಮಲೆನಾಡಿನ ತೇವವಾದ, ನೆರಳುಳ್ಳ ದಿಣ್ಣೆಗಳಿಗೆ ಕರ್ಣಕುಂಡಲ ಯೋಗ್ಯ. ಅದರ ಮಾಗಿದ ಕಾಯಿ ಮುಟ್ಟಿದೊಡನೆ ಸುರುಳಿಯಾಗಿ ಸಿಡಿದು ಬೀಜವನ್ನು ದೂರ ಎಸೆಯುವುದು ಸ್ಥಿತಿಸ್ಥಾಪಕ ಶಕ್ತಿಗೆ ಒಳ್ಳೆಯ ನಿದರ್ಶನ. ಕೆರೆಯಂಚಿನ ಜೌಗಿಗೆ ನೀರುಬ್ರಾಹ್ಮಿ ಒಳ್ಳೆಯದು. ಅದನ್ನು ಬೀಜಕ್ಕಿಂತ ತುಂಡುಬಳ್ಳಿಯಿಂದ ಹಬ್ಬಿಸುವುದು ಸುಲಭ. ಅಗ್ನಿಶಿಖೆ ಎಷ್ಟೇ ಸುಂದರವಾಗಿದ್ದರೂ ಅದರ ಗೆಡ್ಡೆಯೂ ಬೀಜವೂ ವಿಷ. ಮಕ್ಕಳು ಓಡಾಡುವ ಶಾಲೆಯ ಅಂಗಳಕ್ಕೆ ಅದು ಬೇಡ.

ಬಿತ್ತಲೇಬಾರದ ನೆಲಗಳೂ ಉಂಟು. ಕರಾವಳಿಯ ಮುರಕಲ್ಲಿನ ಪದವುಗಳು ಬೇಸಗೆಯಲ್ಲಿ ಸುಟ್ಟ ಬಂಡೆಯಂತೆ ಕಾಣುತ್ತವೆ. ಮಳೆಗಾಲದಲ್ಲಿ ಅದೇ ಬಂಡೆಯ ಮೇಲಿನ ಬೆರಳುದ್ದ ಮಣ್ಣಿನಲ್ಲಿ ಯುಟ್ರಿಕ್ಯುಲೇರಿಯದಂಥ ಕೀಟಾಹಾರಿ ಗಿಡಗಳು ನೀಲಿ ಹೂಗಳ ಜಮಖಾನೆ ಹಾಸುತ್ತವೆ. ಆಹಾರವಿಲ್ಲದ ಮಣ್ಣಿನಲ್ಲಿ ಕ್ಷುದ್ರಜೀವಿಗಳನ್ನು ಹಿಡಿದು ಸಾರಜನಕವನ್ನು ಪಡೆಯುವ ಜಾಣ್ಮೆ ಅವುಗಳದು. ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ ಇಂಥದೇ. ಪಶ್ಚಿಮ ಘಟ್ಟಗಳ ಭಾಗವಾಗಿ ಅದು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬೋಳಾಗಿ ಕಂಡದ್ದೆಲ್ಲ ಬಂಜರಲ್ಲ. ಒಂದು ಪೂರ್ಣ ಮಳೆಗಾಲ ಕಾದು, ಅಲ್ಲಿ ತಾನಾಗಿ ಏನು ಅರಳುತ್ತದೆಂದು ನೋಡದೆ ಯಾವ ನೆಲಕ್ಕೂ ಬೀಜ ಚೆಲ್ಲಬಾರದು.

ತೂಕವೋ ಸಂಖ್ಯೆಯೋ?

ಮಿಶ್ರಣವನ್ನು ತೂಕದಿಂದ ಮಾಡುವಾಗ ಒಂದು ಮೋಸವಿದೆ. ಯೂರೋಪಿನ ಹೊಲಗಳ ಕೆಂಪು ಪಾಪಿಯ ಬೀಜ ಗ್ರಾಮಿಗೆ ಸುಮಾರು 10,000; ಕಾರ್ನ್‌ಫ್ಲವರಿನದು ಸುಮಾರು 200. ಎರಡನ್ನೂ ಒಂದೊಂದು ಗ್ರಾಂ ಬೆರೆಸಿ ಸಮಪಾಲೆಂದು ತಿಳಿದರೆ, ನೂರು ಬೀಜಗಳಲ್ಲಿ 98 ಪಾಪಿಯವೇ ಆಗುತ್ತವೆ. ಆದಕಾರಣ ಎಣಿಸಿ ತೂಗಬೇಕು. ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿ ಇದಕ್ಕೆ ಸಾಕು.

ಒಂದು ಉದಾಹರಣೆ. ಒಂದು ಜಾತಿಯ 100 ಬೀಜ 0.05 ಗ್ರಾಂ ತೂಗಿತೆನ್ನೋಣ. ಗ್ರಾಮಿಗೆ 2,000 ಬೀಜವಾಯಿತು. ಇನ್ನು 100 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿಟ್ಟಾಗ 40 ಮೊಳೆತರೆ, ಗ್ರಾಮಿಗೆ 800 ಸಜೀವ ಬೀಜ. 100 ಚದರ ಮೀಟರಿನಲ್ಲಿ ಆ ಜಾತಿಯ ಗಿಡ ಚದರ ಮೀಟರಿಗೆ 8ರಂತೆ ಬೇಕಾದರೆ 800 ಗಿಡ, ಅಂದರೆ ಒಂದು ಗ್ರಾಂ ಬೀಜ. ಇರುವೆ, ಹಕ್ಕಿ, ಬಿಸಿಲುಗಳ ಪಾಲಿಗೆಂದು ಹತ್ತು ಪಟ್ಟು ಹಿಡಿದರೂ 10 ಗ್ರಾಮೇ ಆಯಿತು. ಇಂಗ್ಲೆಂಡಿನಲ್ಲಿ ತೂಕದಲ್ಲಿ 80 ಭಾಗ ಹುಲ್ಲು, 20 ಭಾಗ ಹೂವಿನ ಮಿಶ್ರಣವನ್ನು ಚದರ ಮೀಟರಿಗೆ ಸುಮಾರು 4 ಗ್ರಾಮಿನಂತೆ ಬಿತ್ತುವುದು ರೂಢಿ. ಇಷ್ಟು ಸ್ವಲ್ಪ ಬೀಜ ಕೈಯಿಂದ ಸಮನಾಗಿ ಬೀಳದು. ಹಲವು ಪಟ್ಟು ಒಣ ಮರಳಿನೊಂದಿಗೆ ಬೆರೆಸಿ, ಅರ್ಧವನ್ನು ಉದ್ದಕ್ಕೆ, ಉಳಿದರ್ಧವನ್ನು ಅಡ್ಡಕ್ಕೆ ನಡೆಯುತ್ತ ಚೆಲ್ಲಬೇಕು.

ತಂಗಡಿ, ಕೊಗ್ಗಿಗಳಂಥ ಬೀಜಗಳ ಸಿಪ್ಪೆ ನೀರನ್ನು ಒಳಕ್ಕೆ ಬಿಡದಷ್ಟು ಗಟ್ಟಿ. ಅರ್ಧ ಭಾಗವನ್ನು ಒರಟು ಮರಳಿನಲ್ಲಿ ಉಜ್ಜಿ, ಉಳಿದರ್ಧವನ್ನು ಹಾಗೆಯೇ ಬೆರೆಸುವುದು ಮೇಲು. ಮೊದಲ ಮಳೆಗೆ ಮೊಳೆತವು ಅನಂತರದ ಒಣಹವೆಯಲ್ಲಿ ಸತ್ತರೂ ಉಜ್ಜದವು ಮುಂದಿನ ಮಳೆಗೆ ಕಾದಿರುತ್ತವೆ. ಪ್ರಕೃತಿಯೂ ಇದೇ ಯುಕ್ತಿಯನ್ನು ಅನುಸರಿಸುತ್ತದೆ. ಅಮೆರಿಕದ ಮಿಷಿಗನ್ನಿನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ 1879ರಲ್ಲಿ ಸೀಸೆಗಳಲ್ಲಿ ಹೂತಿಟ್ಟ ಬೀಜಗಳಲ್ಲಿ ಕೆಲವು 2021ರಲ್ಲಿ, 142 ವರ್ಷಗಳ ಬಳಿಕ, ಮೊಳೆತವು. ಕಳೆಗಳ ಬೀಜವೂ ನೆಲದಲ್ಲಿ ಹೀಗೆಯೇ ಕಾದಿರುತ್ತದೆಂಬುದನ್ನು ಮರೆಯಬಾರದು. ಅದಕ್ಕಾಗಿ ಮೊದಲ ಒಂದೆರಡು ಮಳೆಗೆ ಏನನ್ನೂ ಬಿತ್ತದೆ ಕಳೆ ಮೊಳೆಯಲು ಬಿಟ್ಟು, ಹೂಬಿಡುವ ಮೊದಲೇ ಅದನ್ನು ಕೈಚೀಲ ತೊಟ್ಟು ಕಿತ್ತು, ನೆಲವನ್ನು ಮತ್ತೆ ಅಗೆಯದೆ ಬಿತ್ತಬೇಕು. ಅಗೆದರೆ ಕೆಳಗಿನ ಕಳೆಬೀಜ ಬೆಳಕಿಗೆ ಬರುತ್ತದೆ.

ಮರಳಿ ಇಳಿಜಾರಿಗೆ

ಎರಡನೆಯ ವರ್ಷ ನಾವು ಬೀಜವನ್ನು ಕೊಳ್ಳಲಿಲ್ಲ. ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರೊಡನೆ ನವೆಂಬರಿನಿಂದ ಜನವರಿಯವರೆಗೆ ಊರಿನ ಸುತ್ತಲ ಬದುಗಳಲ್ಲಿ, ರಸ್ತೆಯ ಮಗ್ಗುಲುಗಳಲ್ಲಿ ಓಡಾಡಿ, ಪ್ರತಿ ತಾಣದಲ್ಲಿಯೂ ಬಹುಪಾಲನ್ನು ಗಿಡಗಳಿಗೇ ಬಿಟ್ಟು ಸ್ವಲ್ಪ ಸ್ವಲ್ಪ ಬೀಜ ಆಯ್ದುಕೊಂಡೆವು. ಅಭಯಾರಣ್ಯಗಳಿಂದ ತರುವುದು ಕಾನೂನಿಗೆ ವಿರುದ್ಧವಾದ್ದರಿಂದ ಆ ಕಡೆ ಹೋಗಲಿಲ್ಲ. ನೆರಳಿನಲ್ಲಿ ಒಣಗಿಸಿ, ಡಬ್ಬಿಗಳಿಗೆ ಊರಿನ ಹೆಸರು, ದಿನಾಂಕ, ಮಣ್ಣಿನ ಬಗೆ ಬರೆದು ಅಂಟಿಸಿದವಳು ಹಿಂದಿನ ವರ್ಷ ಕೈ ಕೆರೆದುಕೊಂಡ ಅದೇ ವಿದ್ಯಾರ್ಥಿನಿ.

ಫಲ ಚಿತ್ರದ ಪೊಟ್ಟಣದಂತಿರಲಿಲ್ಲ. ಆ ಮಳೆಗಾಲ ತುಂಬೆ ಚೆನ್ನಾಗಿ ಬಂತು, ವಿಷ್ಣುಕ್ರಾಂತಿ ಅಲ್ಲಲ್ಲಿ ಕಂಡಿತು, ತಂಗಡಿ ಗೇಣುದ್ದ ಬೆಳೆದು ನಿಂತಿತು. ಹಿಂದಿನ ಗೊಬ್ಬರದ ಸಾರ ಉಳಿದಿದ್ದ ಮೇಲ್ಭಾಗದಲ್ಲಿ ಪಾರ್ಥೇನಿಯಂ ಮತ್ತೆ ಬಂತು; ಎರಡು ಸಲ ಕೀಳಬೇಕಾಯಿತು. ಮೂರನೆಯ ವರ್ಷ ತಂಗಡಿಯಲ್ಲಿ ಮೊದಲ ಹಳದಿ ಗೊಂಚಲು ಕಾಣಿಸಿಕೊಂಡಿತು. ಹೂ ಮುಗಿದು ಬೀಜ ಉದುರಿದ ಮೇಲೆ ಒಣಗಿದ್ದನ್ನು ಕೊಯ್ದು ಹೊರಗೆ ಸಾಗಿಸುತ್ತೇವೆ. ಅಲ್ಲಿಯೇ ಕೊಳೆಯಲು ಬಿಟ್ಟರೆ ಅದೂ ಗೊಬ್ಬರವೇ.

ವಿದ್ಯಾರ್ಥಿ ಮಿತ್ರರು ತಮ್ಮ ಶಾಲೆಯ ಅಥವಾ ಮನೆಯ ಹಿಂದಿನ ತುಂಡು ನೆಲದಲ್ಲಿ ಈ ಕೆಲಸವನ್ನು ಕೈಗೊಳ್ಳಬಹುದು. ಮೊದಲ ವರ್ಷ ಒಂದು ಸೀಸೆ, ಒಂದು ಕೋನಮಾಪಕ, ಒಂದು ನೋಟುಪುಸ್ತಕ ಇಷ್ಟೇ ಸಾಕು. ಮಣ್ಣು ಯಾವುದು, ನೀರು ಎಷ್ಟು ದಿನ ನಿಲ್ಲುತ್ತದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಹತ್ತಿರದ ಬದುವಿನಲ್ಲಿ ತಾನಾಗಿ ಏನು ಹೂಬಿಡುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಲಿ. ಬೀಜದ ಡಬ್ಬಿಯನ್ನು ಆಮೇಲೆ ತೆರೆಯೋಣ.